ಎಲೆಯ ಮುಂದೆ ಕೂತವಳು

ನನ್ನ ಗಂಡ ನೌಕಾಪಡೆಯಲ್ಲಿದ್ದಾರೆ ಎಂದರೆ ದೆಹಲಿಯ ಕನ್ನಡದ ಹೆಂಗಸರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಆಫೀಸರಾ?" ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಇದೇ, ಗಣೇಶನ ಹಬ್ಬಕ್ಕೆ ಹೋದರೂ ಇದೇ. "ಅಲ್ಲ, ಸೇಲರ್. ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ" ಎನ್ನುತ್ತಿದ್ದೆ. ಆಗ ಅವರ ಮುಖ ಒಂದಿಷ್ಟು ಇಳಿಯುತ್ತಿತ್ತಲ್ಲ, ಅದನ್ನು ನೋಡುವುದೆಂದರೆ ನನಗೆ ಬಹಳ ಇಷ್ಟ. ಕೆಲವರು ಸಮಾಧಾನವನ್ನೂ ಹೇಳುತ್ತಿದ್ದರು. "ಪರವಾಗಿಲ್ಲ ಬಿಡಿ, ಸೆಂಟ್ರಲ್ ಗವರ್ನಮೆಂಟ್ ಕೆಲಸ ತಾನೆ." ಯಾರೂ ಸತ್ತಿಲ್ಲವಲ್ಲ, ಸಮಾಧಾನ ಯಾಕೆ ಎಂದು ಕೇಳಿ ಒಮ್ಮೆ ಅಮ್ಮನಿಂದ ಚೆನ್ನಾಗಿ ಬೈಸಿಕೊಂಡಿದ್ದೆ.

ನಮ್ಮದು ಕರೋಲ್ ಬಾಗಿನಲ್ಲಿ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ಅಜ್ಜ ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು. ಅಪ್ಪ ತೀರಿಕೊಂಡಾಗ ನೆಂಟರೆಲ್ಲ ಒಟ್ಟಾಗಿ, ಗಂಡು ಮಕ್ಕಳಿಲ್ಲ, ಹೋಟೆಲು ಮಾರಿಬಿಡಿ ಎಂದು ಬುದ್ಧಿ ಹೇಳಿದರು. ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಮರುದಿನ ಬೆಳಿಗ್ಗೆ ನಾನು ಗಲ್ಲಾದಲ್ಲಿ ಕೂತೆ. ಹಿಟ್ಟಿನ ಹದ ನೋಡುವುದು, ಕೆಲಸದವರ ಜಗಳ ಬಿಡಿಸುವುದು, "ಬೆಹನ್‌ಜೀ, ಸಾಂಬಾರ್ ಔರ್" ಎಂದು ಕೂಗುವ ಗಿರಾಕಿಗಳನ್ನು ಸಂಭಾಳಿಸುವುದು ಎಲ್ಲ ನನ್ನದೇ. ಹೋಟೆಲು ನಡೆಯಿತು. ಮೆಟ್ರೋ ಬಂದ ಮೇಲಂತೂ ಮಧ್ಯಾಹ್ನದ ಹೊತ್ತು ಕಾಲಿಡಲು ಜಾಗ ಇರುತ್ತಿರಲಿಲ್ಲ.

ಹೀಗಿರುವವಳು ಸೇಲರ್ ಒಬ್ಬರನ್ನು ಮದುವೆಯಾದೆ. ಮದುವೆಗೆ ಮುಂಚೆಯೇ ಹೇಳಿದ್ದೆ, ಹೋಟೆಲು ಬಿಟ್ಟು ಬರುವುದಿಲ್ಲ ಎಂದು. ಇವರು ನಕ್ಕು, "ನಾನು ವರ್ಷದಲ್ಲಿ ಅರ್ಧ ನೀರಿನ ಮೇಲೆ ಇರುವವ. ನೀನು ಬಂದಾದರೂ ಎಂತ ಮಾಡ್ತಿ?" ಎಂದಿದ್ದರು. ಆಗ ಅದು ತಮಾಷೆಯಾಗಿತ್ತು. ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ತಮಾಷೆ ಉಳಿಯಲಿಲ್ಲ. ರಜೆಯಲ್ಲಿ ಬಂದವರು ಮನೆಯ ಅಭ್ಯಾಸ ಆಗುವಷ್ಟರಲ್ಲಿ ಹೊರಡುತ್ತಿದ್ದರು. ಮಕ್ಕಳು ಯಾವಾಗ ಎಂದು ಕೇಳಿದವರಿಗೆ ಹಡಗಿನ ವೇಳಾಪಟ್ಟಿ ತೋರಿಸಲೇ ಎಂದು ರೇಗುತ್ತಿದ್ದೆ. ರೇಗಿ ಒಳಗೆ ಹೋಗಿ ಅಳುತ್ತಿದ್ದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ದೆಹಲಿಯಲ್ಲಿ ಸಮುದ್ರವಿಲ್ಲದಿದ್ದರೂ ನೌಕಾಪಡೆಯ ಕಚೇರಿಗಳಿವೆ. ಆ ವರ್ಷ ಇವರು ದೆಹಲಿಗೆ ಪೋಸ್ಟಿಂಗ್ ಕೇಳಿ ಅರ್ಜಿ ಹಾಕಿದರು. ಸಿಕ್ಕರೆ ಕೆಲವು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಬಾಗಿಲಿಗೆ ಬೀಗ ಹಾಕಿಕೊಂಡು ಇರಬಹುದಿತ್ತು. ಹಡಗಿನ ಕ್ಯಾಪ್ಟನ್ ಶಿಫಾರಸು ಮಾಡಿದರೆ ಕೆಲಸ ಆದಂತೆಯೇ ಎಂದು ಇವರ ಜೊತೆಯವರು ಹೇಳಿದ್ದರು. ಅಷ್ಟರಲ್ಲಿ ಹಡಗು ರಿಪೇರಿಗೆಂದು ಕೊಚ್ಚಿಯಲ್ಲಿ ನಿಂತಿತು. "ಬಾ, ಸ್ವಲ್ಪ ದಿನ ಇದ್ದು ಹೋಗು. ಗೆಳೆಯನ ಕ್ವಾರ್ಟರ್ಸ್ ಖಾಲಿ ಉಂಟು" ಎಂದು ಫೋನು ಮಾಡಿದರು. ಹೋಟೆಲನ್ನು ಅಮ್ಮನಿಗೆ ಒಪ್ಪಿಸಿ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ.

ಆ ರೈಲು ನಮ್ಮ ಕರಾವಳಿಯನ್ನು ಹಾದೇ ಹೋಗುತ್ತದೆ. ನಮ್ಮ ಕಡೆಯವರಿಗೆ ಒಂದು ಚಾಳಿ ಇದೆ. ನೆಂಟರು ಊರಿನ ಮೇಲೆ ರೈಲಿನಲ್ಲಿ ಹಾದುಹೋಗುತ್ತಾರೆ ಎಂದು ತಿಳಿದರೆ ಸಾಕು, ಬುತ್ತಿ ಹಿಡಿದುಕೊಂಡು ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಾರೆ. ಉಡುಪಿಯಲ್ಲಿ ಅತ್ತೆ ನಿಂತಿದ್ದರು. ಕಿಟಕಿಯ ಸರಳುಗಳ ನಡುವೆ ತೂರದ, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ಕಡುಬಿನ ಕಟ್ಟನ್ನು ಬಾಗಿಲಿಗೆ ಓಡಿ ಬಂದು ಕೊಟ್ಟರು. ಮಗನಿಗೆ ಮಿಡಿ ಉಪ್ಪಿನಕಾಯಿ, ನನಗೆ ಉಪದೇಶ. "ದೊಡ್ಡವರ ಹತ್ರ ಬಾಯಿ ಕೊಡ್ಬೇಡ ಮಾರಾಯ್ತಿ. ಅವನ ಕಾಗದ ಅವರ ಕೈಯಲ್ಲಿ ಉಂಟು." ರೈಲು ಹೊರಟ ಮೇಲೂ ಪಕ್ಕದಲ್ಲಿ ನಡೆಯುತ್ತಾ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ಆಗಲಿ ಎಂದು ತಲೆಯಾಡಿಸಿದೆ. ಮೂಡೆ ಮಾತ್ರ ಚೆನ್ನಾಗಿತ್ತು.

ಕೊಚ್ಚಿಯಲ್ಲಿ ನನ್ನನ್ನು ಮೊದಲು ಅಪ್ಪಿಕೊಂಡವಳು ಪಕ್ಕದ ಕ್ವಾರ್ಟರ್ಸಿನ ಭಾಭಿ. ರೋಹ್ತಕ್ ಕಡೆಯವಳು, ಗಂಡ ಇವರ ಹಡಗಿನಲ್ಲೇ. ನಾನು ದೆಹಲಿಯವಳು ಎಂದು ಕೇಳಿದ್ದೇ ತಡ, ತವರಿನವರೇ ಬಂದರು ಎನ್ನುವಂತೆ ಕೈ ಹಿಡಿದುಕೊಂಡಳು. ತುಂಬು ಬಸುರಿ. ಸಮುದ್ರದ ಗಾಳಿಗೆ ಹಪ್ಪಳ ಒಣಗುವುದಿಲ್ಲ, ಮೀನಿನ ವಾಸನೆಗೆ ಹೊಟ್ಟೆ ತೊಳಸುತ್ತದೆ, ಗಂಡಸರಿಗೆ ಹಡಗೇ ಮೊದಲ ಹೆಂಡತಿ ಎಂದು ದೂರುಗಳ ಮೂಟೆಯನ್ನೇ ಬಿಚ್ಚಿದಳು. ಹೊಸದಾಗಿ ಬಂದ ಸೇಲರುಗಳ ಹೆಂಡಂದಿರಿಗೆ ಅಲ್ಲಿನ ನಡವಳಿಕೆ ಕಲಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು. ಅಲ್ಲಿ ಆಫೀಸರುಗಳ ಹೆಂಡಂದಿರನ್ನು ಲೇಡೀಸ್ ಎನ್ನುತ್ತಾರೆ, ನಮ್ಮನ್ನು ಫ್ಯಾಮಿಲೀಸ್ ಎನ್ನುತ್ತಾರೆ ಎಂದು ಪಾಠ ಶುರು ಮಾಡಿದಳು.

"ನಾನು ಒಬ್ಬಳೇ ಬಂದಿದ್ದೀನಲ್ಲ ಭಾಭಿ?" ಎಂದೆ.

"ಒಬ್ಬಳೇ ಬಂದ್ರೂ ಫ್ಯಾಮಿಲೀನೇ. ಕೇಳು. ಮೀಟಿಂಗಿಗೆ ಸೀರೆ ಉಡಬೇಕು. ಕ್ಯಾಪ್ಟನ್ ಸಾಬ್ ಅವರ ಮ್ಯಾಮ್ ಬಂದ್ರೆ ಏಳಬೇಕು. ಮ್ಯಾಮ್ ಕೂತ ಮೇಲೆ ಕೂರಬೇಕು. ಮ್ಯಾಮ್ ನಕ್ಕರೆ ನಗಬೇಕು."

"ಸೀನಿದರೆ?"

ಭಾಭಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, ಹೀಗೆಲ್ಲ ಹೊರಗೆ ಮಾತಾಡಬೇಡ ಎಂದಳು. ಅವಳು ಹೆದರಿದ್ದು ಕಂಡು ನನಗೂ ನಗು ನಿಂತುಹೋಯಿತು.

ಒಂದು ದಿನ ಇವರಿಗೆ ಬಿಡುವು ಸಿಕ್ಕಿ ಹಳೆಯ ಫೋರ್ಟ್ ಕೊಚ್ಚಿಗೆ ಬೋಟಿನಲ್ಲಿ ಹೋದೆವು. ದಡದುದ್ದಕ್ಕೂ ಚೀನೀ ಬಲೆಗಳು. ಕಲ್ಲುಗಳನ್ನು ಹಗ್ಗಕ್ಕೆ ಕಟ್ಟಿ ಅವುಗಳ ಭಾರದಿಂದಲೇ ಅಷ್ಟು ದೊಡ್ಡ ಬಲೆಯನ್ನು ಎತ್ತುವ ಬಗೆಯನ್ನು ಇವರು ಎಷ್ಟು ಖುಷಿಯಿಂದ ವಿವರಿಸಿದರೆಂದರೆ, ಇಂಜಿನ್ನಿನವರಿಗೆ ಹೆಂಡತಿಗಿಂತ ಹಗ್ಗ ರಾಟೆಯೇ ಹೆಚ್ಚು ಎಂದು ಚುಚ್ಚಿದೆ. ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಇಂಗ್ಲಿಷರು ಬಂದರು, ಈಗ ನಾನು ಬಂದಿದ್ದೇನೆ ಎಂದು ರಸ್ತೆಯ ನಡುವೆ ನಿಂತು ಸಾರಿದೆ. ಇವರು ನಕ್ಕು ನನ್ನ ಕೈ ಹಿಡಿದುಕೊಂಡರು. ಕರೋಲ್ ಬಾಗಿನಲ್ಲಿ ನಾವು ಹಾಗೆ ಕೈ ಹಿಡಿದು ನಡೆದದ್ದಿಲ್ಲ. ಅಲ್ಲಿ ಹಿಡಿದುಕೊಂಡರೂ ಸೈಕಲ್ ರಿಕ್ಷಾ ಬಂದು ಬಿಡಿಸುತ್ತದೆ.

ಹಳೆಯ ಚರ್ಚೊಂದರಲ್ಲಿ ಗೋಡೆಗೆ ಆನಿಸಿದ ಸಮಾಧಿ ಕಲ್ಲುಗಳಿದ್ದವು. ಒಂದರ ಮೇಲೆ ಇಂಗ್ಲಿಷಿನಲ್ಲಿ, ಇಂಥ ಹಡಗಿನ ಇಂಥ ಕ್ಯಾಪ್ಟನ್ನನ ಪ್ರೀತಿಯ ಹೆಂಡತಿ ಎಂದು ಬರೆದಿತ್ತು. ಕ್ಯಾಪ್ಟನ್ನನ ಹೆಸರು ದೊಡ್ಡ ಅಕ್ಷರದಲ್ಲಿ, ಸತ್ತವಳದು ಸಣ್ಣ ಅಕ್ಷರದಲ್ಲಿ. "ಸತ್ತ ಮೇಲೂ ಇವಳ ತಲೆಯಿಂದ ಗಂಡನ ರ‍್ಯಾಂಕು ಇಳಿಸಲಿಲ್ಲವಲ್ಲ" ಎಂದೆ. "ಮೆಲ್ಲಗೆ ಮಾತಾಡು ಮಾರಾಯ್ತಿ, ಚರ್ಚು" ಎಂದರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಇವರೇ ಮಾತೆತ್ತಿದರು. ಅರ್ಜಿ ಕ್ಯಾಪ್ಟನ್ನರ ಮೇಜಿನ ಮೇಲಿದೆ, ಇನ್ನೇನು ಸಹಿ ಆಗುತ್ತದೆ. ದೆಹಲಿಗೆ ಬಂದ ಮೇಲೆ ಬೆಳಿಗ್ಗೆ ಹೋಟೆಲಿನ ಹಿಟ್ಟು ರುಬ್ಬುವ ಯಂತ್ರವನ್ನು ತಾವೇ ಬಿಚ್ಚಿ ಸರಿ ಮಾಡುತ್ತಾರಂತೆ, ಅದರ ಸದ್ದು ಅವರಿಗೆ ಸರಿ ಬರುವುದಿಲ್ಲವಂತೆ. ಆ ಸಂಜೆ ನನಗೆ ಎಷ್ಟು ಆಸೆ ಹುಟ್ಟಿತೆಂದರೆ, ಬಾಡಿಗೆಗೆ ಯಾವ ಮನೆ ಹಿಡಿಯಬೇಕು ಎಂದು ಬೋಟಿನಲ್ಲೇ ಯೋಚಿಸತೊಡಗಿದೆ.

ಅದಾದ ಮೇಲೆ ಬಂದದ್ದು ಓಣಂ ಊಟ.

ಹಡಗಿನವರ ಹೆಂಡಂದಿರಿಗೆಲ್ಲ ಒಂದು ದೊಡ್ಡ ಹಾಲ್‌ನಲ್ಲಿ ಊಟ ಇಟ್ಟಿದ್ದರು. ಉದ್ದದ ಮೇಜುಗಳ ಮೇಲೆ ಬಾಳೆಲೆ. ಮುಂದಿನ ಸಾಲು ಲೇಡೀಸಿಗೆ, ಹಿಂದಿನ ಸಾಲುಗಳು ಫ್ಯಾಮಿಲೀಸಿಗೆ. ಮ್ಯಾಮ್ ಬಂದ ಮೇಲೆ ಊಟ ಶುರು ಎಂದು ಮೊದಲು ಹೇಳಿದರು. ಮ್ಯಾಮ್ ಬರಲಿಲ್ಲ. ಹಸಿದ ಮಕ್ಕಳು ರಂಪ ಶುರು ಮಾಡಿದವು, ಒಂದು ಮಗು ಹಪ್ಪಳ ಕಿತ್ತುಕೊಂಡು ಓಡಿತು. ಕೊನೆಗೆ ಉಸ್ತುವಾರಿ ವಹಿಸಿದ್ದ ಆಫೀಸರೊಬ್ಬರ ಹೆಂಡತಿ, ಎಳೆಯ ಪ್ರಾಯದವಳು, ಗಡಿಯಾರ ನೋಡಿ ನೋಡಿ ಸಾಕಾಗಿ, ಹಿಂದಿನ ಸಾಲಿಗೆ ಬಡಿಸಿಬಿಡಿ ಎಂದಳು. ಭಾಭಿ ನನ್ನ ಪಕ್ಕದಲ್ಲಿ ಕೂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಕೆಂಪಕ್ಕಿ ಅನ್ನ, ಬೇಳೆ, ಮೇಲೆ ತುಪ್ಪ. ಅವಿಯಲಿಗೆ ಕಾಯಿ ಸಾಕಷ್ಟು ಬಿದ್ದಿತ್ತು. ಹೋಟೆಲಿನವಳ ನಾಲಗೆ ನನ್ನದು, ಸುಮ್ಮನೆ ಹೊಗಳುವುದಿಲ್ಲ. ಆ ಊಟ ಚೆನ್ನಾಗಿತ್ತು.

ಕಲಸಿ ಮೊದಲ ತುತ್ತುಗಳು ಇಳಿಯುತ್ತಿದ್ದಂತೆ ಬಾಗಿಲಲ್ಲಿ ಗಡಿಬಿಡಿಯಾಯಿತು. ಮ್ಯಾಮ್ ಬಂದರು. ಕುರ್ಚಿಗಳು ಕಿರ‍್ರೆಂದವು. ಇಡೀ ಹಾಲ್ ಎದ್ದು ನಿಂತಿತು. ನಮ್ಮ ಸಾಲಿನವರೂ ಅನ್ನ ಮೆತ್ತಿದ ಕೈಯನ್ನು ಎದೆಯ ಹತ್ತಿರ ಎತ್ತಿ ಹಿಡಿದುಕೊಂಡು ನಿಂತರು. ಭಾಭಿ ಎಡಗೈಯಿಂದ ಮೇಜನ್ನು ಒತ್ತಿ ಹಿಡಿದು, ಸೊಂಟ ನೋವಿಗೆ ಮುಖ ಕಿವುಚಿ ಎದ್ದಳು. ತಿನ್ನುತ್ತಿದ್ದ ಮಗುವನ್ನು ಒಬ್ಬಳು ರಟ್ಟೆ ಹಿಡಿದು ನಿಲ್ಲಿಸಿದಳು.

ನಾನು ಏಳಲಿಲ್ಲ.

ಮೊದಲಿಗೆ ಅದು ಬರೀ ಅಭ್ಯಾಸ. ನಮ್ಮಲ್ಲಿ ಎಲೆಯ ಮುಂದೆ ಕೂತು ಕೈ ಹಾಕಿದ ಮೇಲೆ ಊಟ ಮುಗಿಯುವವರೆಗೆ ಏಳುವುದಿಲ್ಲ. ಹಿರಿಯರು ಬಂದರೂ ಕೂತಲ್ಲಿಂದಲೇ ಬನ್ನಿ ಎನ್ನುತ್ತೇವೆ. ಉಣ್ಣುತ್ತಿರುವವರನ್ನು ಎಬ್ಬಿಸುವುದಂತೂ ಮಹಾಪಾಪ. ಹೋಟೆಲಿನಲ್ಲಿ ಅಪ್ಪನ ಕಾನೂನೂ ಅದೇ ಆಗಿತ್ತು. ಒಮ್ಮೆ ಯಾವುದೋ ಸಚಿವಾಲಯದ ದೊಡ್ಡ ಮನುಷ್ಯರು ಸಂಸಾರ ಸಮೇತ ಬಂದು ನಿಂತಿದ್ದರು. ಅವರ ಜೊತೆಯವನು ಬಂದು ಮೂಲೆಯ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ರಿಕ್ಷಾದವನನ್ನು ಎಬ್ಬಿಸಲು ಹೇಳಿದ. ಅಪ್ಪ ಗಲ್ಲಾದಿಂದ ಇಳಿದು ಬಂದು, "ಸಾಬ್, ಅವನ ತಟ್ಟೆ ಖಾಲಿ ಆಗಲಿ. ಇಲ್ಲಿ ಕೂತು ತಿನ್ನುತ್ತಿರುವವನೇ ದೊಡ್ಡವನು" ಎಂದ. ಅವರು ಹೊರಟುಹೋದರು. ಅಪ್ಪ ರಿಕ್ಷಾದವನಿಗೆ ಇನ್ನೊಂದು ಸೌಟು ಸಾಂಬಾರು ಹಾಕಿಸಿದ.

ಅಭ್ಯಾಸ ಎಂದೆನಲ್ಲ, ಅದು ಒಂದು ಗಳಿಗೆ ಮಾತ್ರ. ಭಾಭಿ ಸೊಂಟ ಹಿಡಿದು ನಿಂತದ್ದನ್ನು ಕಂಡ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ ಕೂತದ್ದು ಅಭ್ಯಾಸದಿಂದಲ್ಲ, ಬೇಕೆಂದೇ. ಅತ್ತೆಯ ಬೆರಳು ನೆನಪಾಯಿತು, ಇವರ ಅರ್ಜಿಯೂ ನೆನಪಾಯಿತು. ಆದರೂ ಇನ್ನೊಂದು ತುತ್ತು ಕಲಸಿ ಬಾಯಿಗಿಟ್ಟೆ.

ಮ್ಯಾಮ್ ಒರಟರಲ್ಲ. ನಗುತ್ತಲೇ ನಮ್ಮ ಸಾಲಿನವರೆಗೆ ಬಂದರು. "ಹೊಸಬರಾ? ಯಾರ ವೈಫ್?"

ಇವರ ಹೆಸರು ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಆ ಎಳೆಯ ಲೇಡಿ, "ಮ್ಯಾಮ್ ನಿಂತಿದ್ದಾರೆ" ಎಂದು ಹಲ್ಲು ಕಚ್ಚಿ ಹೇಳಿದಳು.

"ಹೌದು, ಅದಕ್ಕೇ ಬೇಜಾರು" ಎಂದೆ. "ನಮ್ಮ ಕಡೆ ಎಲೆ ಮುಂದೆ ಕೂತ ಮೇಲೆ ಏಳೋದಿಲ್ಲ ಮ್ಯಾಮ್. ನೀವೂ ಕೂತ್ಕೊಳ್ಳಿ. ಅನ್ನ ಆರಿದ್ರೆ ರುಚಿ ಇರಲ್ಲ."

ಮ್ಯಾಮ್ ಒಂದು ಕ್ಷಣ ನನ್ನನ್ನೂ ನನ್ನ ಎಲೆಯನ್ನೂ ನೋಡಿದರು. "ಎಂಜಾಯ್ ಯುವರ್ ಲಂಚ್" ಎಂದು ಮುಂದಿನ ಸಾಲಿಗೆ ಹೋದರು. ಎಲ್ಲರೂ ಕೂತರು. ಭಾಭಿಗೆ ಊಟ ಸೇರಲಿಲ್ಲ. ನಾನು ಪಾಯಸದವರೆಗೂ ಉಂಡು, ಎಲೆ ಮಡಚಿ ಎದ್ದೆ.

ನಾನು ಮನೆ ಸೇರುವ ಮೊದಲೇ ಸುದ್ದಿ ಹಡಗು ಸೇರಿತ್ತು. ಸಂಜೆ ಇವರು ಬಂದು ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತರು. ತಮ್ಮ ವಿಭಾಗದ ಆಫೀಸರು ಕರೆಸಿ, ಹೆಂಡತಿಗೆ ನಡವಳಿಕೆ ಹೇಳಿಕೊಟ್ಟಿಲ್ಲವೇ ಎಂದು ಕೇಳಿದರಂತೆ. ಜೋರು ಮಾಡಲಿಲ್ಲವಂತೆ. ನಗುತ್ತಾ ಕೇಳಿದರಂತೆ.

"ಜೋರು ಮಾಡಿದ್ರೆ ಅಡ್ಡಿ ಇರ್ಲಿಲ್ಲ" ಎಂದರು ಇವರು. "ನಕ್ಕದ್ದು ನೋಡಿ ನಂಗೆ ಹೆದರಿಕೆ ಆಯ್ತು."

"ನಾನೇನು ಕಳ್ಳತನ ಮಾಡಿದ್ನಾ?"

"ಮಾಡಿದ್ದಿ ಅಂತ ಯಾರು ಹೇಳಿದ್ದು? ನಾಳೆ ಹೋಗಿ ಎರಡು ಮಾತು ಹೇಳಿ ಬಾ. ಸಾರಿ ಮ್ಯಾಮ್ ಅಂತ. ನಿನ್ನ ಗಂಟು ಹೋಗುದು ಎಂತ? ಆ ಕಾಗದಕ್ಕೆ ಇನ್ನೂ ಸಹಿ ಆಗ್ಲಿಲ್ಲ."

"ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು" ಎಂದೆ. "ಇವತ್ತು ಊಟದಿಂದ ಏಳು ಅಂದ್ರು. ನಾಳೆ ನಿದ್ದೆಯಿಂದ ಏಳು ಅಂತಾರೆ."

"ನಾನು ದಿನಾ ಏಳ್ತೇನೆ!" ಎಂದು ಕೂಗಿದರು. ಇವರು ಕೂಗಿದ್ದು ನಾನು ಅದೇ ಮೊದಲು ಕೇಳಿದ್ದು. "ಊಟದಿಂದ, ನಿದ್ದೆಯಿಂದ, ಎಲ್ಲದರಿಂದ ಏಳ್ತೇನೆ. ಅದೇ ನನ್ನ ಕೆಲಸ. ನೀನು ಒಂದು ದಿನ ಏಳ್ಲಿಕ್ಕೆ ಆಗುದಿಲ್ವಾ?"

"ನಿಮ್ಮ ಕೆಲಸ ಅದು, ನಿಮಗೆ ಸಂಬಳ ಕೊಡ್ತಾರೆ. ನನ್ನನ್ನ ಯಾರೂ ಕೆಲಸಕ್ಕೆ ಸೇರಿಸಿಕೊಂಡಿಲ್ಲ."

ಇವರು ಬೂಟು ಬಿಚ್ಚಿ ಒಳಗೆ ಹೋದರು. ಬಾಗಿಲ ಹಿಂದಿನಿಂದ, "ನಂಗೆ ನಿನ್ನ ಜೊತೆ ಇರ್ಬೇಕು ಅಷ್ಟೇ" ಎನ್ನುವುದು ಕೇಳಿಸಿತು. ಇಡೀ ಜಗಳದಲ್ಲಿ ನನ್ನನ್ನು ಅಲುಗಾಡಿಸಿದ್ದು ಆ ಒಂದು ಮಾತು. ನನಗೂ ಬೇಕಾಗಿದ್ದು ಅದೇ ಅಲ್ಲವೇ? ಎಷ್ಟೋ ವರ್ಷಗಳಿಂದ ಬೇಕಾಗಿದ್ದು ಅದೊಂದೇ. ಹೋಗುತ್ತೇನೆ ಎಂದೆ. ಏನು ಹೇಳುತ್ತೇನೆ ಎಂದು ಹೇಳಲಿಲ್ಲ.

ಮರುದಿನ ಭಾಭಿ ಮ್ಯಾಮ್ ಅವರ ಬಂಗಲೆಯ ಗೇಟಿನವರೆಗೆ ಜೊತೆಗೆ ಬಂದಳು. ಒಳಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ. ಹೊಸಬರಿಗೆ ಕಲಿಸುವ ಕೆಲಸ ಅವಳದಲ್ಲವೇ, ತನ್ನ ತಲೆಗೂ ಬರಬಹುದೆಂಬ ಭಯ ಬೇರೆ. ಬಂಗಲೆಯ ಮುಂದೆ ಹುಲ್ಲು, ಆಚೆ ನೀರು. ಒಳಗೆ ಕೂರಲು ಕೊಟ್ಟ ದಿವಾನ್ ಮೆತ್ತಗಿರಲಿಲ್ಲ. ಹೊದಿಕೆಯ ಅಂಚು ಸರಿದಲ್ಲಿ ಕಪ್ಪು ಬಣ್ಣದ ತಗಡಿನ ಟ್ರಂಕುಗಳು ಕಂಡವು. ನಮ್ಮ ಮನೆಯಲ್ಲೂ ಅಂಥದ್ದೇ ಒಂದಿದೆ, ಇವರ ಹೆಸರು ಬಿಳಿಯಲ್ಲಿ ಬರೆದದ್ದು. ಊರಿಂದೂರಿಗೆ ಗಂಟು ಕಟ್ಟುವ ಬಾಳು ಈ ಹೆಂಗಸಿನದೂ ಎಂದು ನನಗೆ ಒಂದಿಷ್ಟು ಕನಿಕರವೂ ಹುಟ್ಟಿತು. ಮ್ಯಾಮ್ ಅವರೇ ಟೀ ತಂದರು.

"ನಂಗೆ ಕೋಪ ಇಲ್ಲ" ಎಂದರು ಹಿಂದಿಯಲ್ಲಿ. "ಆದ್ರೆ ಎಲ್ಲರ ಮುಂದೆ ಆಯ್ತು. ಒಬ್ಬರನ್ನ ಬಿಟ್ರೆ ಮುಂದೆ ಯಾರೂ ಏಳಲ್ಲ. ಅರ್ಥ ಆಗುತ್ತಲ್ಲ?"

"ಅರ್ಥ ಆಗುತ್ತೆ ಮ್ಯಾಮ್."

"ದೆಹಲಿ ಪೋಸ್ಟಿಂಗ್ ಕೇಳಿದ್ದೀರಂತೆ. ಒಳ್ಳೇದು. ಗಂಡ ಹೆಂಡತಿ ಒಟ್ಟಿಗಿರಬೇಕು." ಕಪ್ಪನ್ನು ಕೆಳಗಿಟ್ಟರು. "ನಿಮಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ, ಅಲ್ವಾ? ಹೊಸಬರು ನೀವು. ಗೊತ್ತಿರಲಿಲ್ಲ ಅಂದುಬಿಡಿ, ಸಾಕು. ಸಾರಿ ಕೂಡ ಬೇಡ. ನಾನು ಮರೆತುಬಿಡ್ತೀನಿ."

ಎಷ್ಟು ಸುಲಭದ ಬಾಗಿಲು! ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ತೆರೆದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗೊತ್ತಿರಲಿಲ್ಲ ಎಂಬ ಒಂದು ಮಾತಿಗೆ ಇವರು ಟ್ರಂಕು ಹೊತ್ತು ನಿಜಾಮುದ್ದೀನ್‌ನಲ್ಲಿ ಇಳಿಯುತ್ತಿದ್ದರು. ಹೇಳಿಬಿಡು, ಹೇಳಿಬಿಡು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೂತಿದ್ದೆ. ಏನೂ ಅರಿಯದ ಹಳ್ಳಿ ಗಮಾರಳೆಂದು ನನ್ನನ್ನು ನಾನೇ ಕರೆದುಕೊಂಡರೆ ಮಾತ್ರ ಕ್ಷಮೆ ಸಿಗುತ್ತದೆ ಎನ್ನುವುದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮೇಲಾಗಿ, ಗೊತ್ತಿಲ್ಲ ಎಂದರೆ, ನಿನಗೆ ಕಲಿಸಬೇಕಾದವಳು ಏನು ಮಾಡುತ್ತಿದ್ದಳು ಎಂಬ ಪ್ರಶ್ನೆ ನೇರವಾಗಿ ಗೇಟಿನ ಹತ್ತಿರ ನಿಂತ ಬಸುರಿಯ ಮೇಲೆ ಬೀಳುತ್ತಿತ್ತು.

"ಗೊತ್ತಿತ್ತು ಮ್ಯಾಮ್" ಎಂದೆ. "ಪಕ್ಕದ ಮನೆಯ ಭಾಭಿ ಎಲ್ಲ ಸರಿಯಾಗಿ ಹೇಳಿಕೊಟ್ಟಿದ್ರು. ಬೇರೆ ಹೊತ್ತಲ್ಲಿ ನೀವು ಬಂದ್ರೆ ಏಳ್ತೀನಿ, ನನ್ನ ಅಮ್ಮನ ವಯಸ್ಸಿನವರು ನೀವು. ಊಟ ಮಾಡ್ತಾ ಏಳಲ್ಲ."

ಅವರು "ಅಚ್ಛಾ" ಎಂದರು. ಆಮೇಲೆ, "ಗಂಡನ ಬಗ್ಗೆ ಯೋಚನೆ ಮಾಡಿದ್ದೀರಾ?"

"ದಿನಾ ಮಾಡ್ತೀನಿ ಮ್ಯಾಮ್. ಅವರು ಸಮುದ್ರದಲ್ಲಿರ್ತಾರೆ. ಯೋಚನೆ ಮಾಡೋದು ಬಿಟ್ಟು ಬೇರೆ ಏನು ಮಾಡಲಿ?"

ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಟೀ ಚೆನ್ನಾಗಿತ್ತು ಎಂದೆ, ಸುಳ್ಳಲ್ಲ.

ಗೇಟಿನಲ್ಲಿ ಭಾಭಿ ಕಾಯುತ್ತಿದ್ದಳು. ನಿನ್ನ ಹೆಸರಿಗೆ ಧಕ್ಕೆ ಬಂದಿಲ್ಲ ಎಂದಷ್ಟೇ ಹೇಳಿದೆ. ಇವರಿಗೆ ಮಾತ್ರ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಆಯ್ತು" ಎಂದು ಸ್ನಾನಕ್ಕೆ ಹೋದರು. ಉಳಿದ ದಿನಗಳಲ್ಲಿ ನಾವು ಮಾರ್ಕೆಟ್ಟಿಗೆ ಹೋದೆವು, ಮೀನು ಹರಾಜು ನೋಡಿದೆವು, ಅತ್ತೆಗೆ ಒಂದು ಸೀರೆ ತೆಗೆದುಕೊಂಡೆವು. ಎಲ್ಲದರ ಬಗ್ಗೆ ಮಾತಾಡಿದರು, ಅದೊಂದರ ಬಗ್ಗೆ ಇಲ್ಲ. ಎರ್ನಾಕುಲಂ ಸ್ಟೇಷನ್ನಿನಲ್ಲಿ ನೀರಿನ ಬಾಟಲಿ ಕೊಟ್ಟು, ಹುಷಾರು ಎಂದರು. ರೈಲು ಹೊರಟಾಗ ಇವರು ಕೈ ಬೀಸಿದ್ದು ನೋಡಿ ನನಗೆ ಸಂಕಟವಾಯಿತು. ಅಷ್ಟು ಸಂಕಟದಲ್ಲೂ, ಹೇಳಬಾರದಿತ್ತು ಎನ್ನಿಸಲಿಲ್ಲ. ಹಾಗೆ ಅನ್ನಿಸದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಅದೂ ನಿಜ.

ದೆಹಲಿಯಲ್ಲಿ ಚಳಿ ಶುರುವಾಗಿ, ಹಿಟ್ಟು ಹುದುಗಲು ಕಂಬಳಿ ಹೊದಿಸುವ ಕಾಲ ಬಂತು. ಒಂದು ಮಧ್ಯಾಹ್ನ, ಎಲ್ಲ ಮೇಜುಗಳೂ ತುಂಬಿ ಜನ ಬಾಗಿಲಲ್ಲಿ ಕಾಯುತ್ತಿದ್ದಾಗ, ಮೊಬೈಲು ಹೊಡೆದುಕೊಂಡಿತು.

"ಆರ್ಡರ್ ಬಂತು" ಎಂದರು. "ಪೋರ್ಟ್‌ಬ್ಲೇರ್."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ. ದೆಹಲಿಯಿಂದ ಅಂಡಮಾನಿಗಿಂತ ದೂರದ ಜಾಗ ಇವರ ನೌಕರಿಯಲ್ಲಿ ಇದ್ದಂತಿರಲಿಲ್ಲ.

"ನನ್ನಿಂದ ಆಯ್ತಾ?"

"ಗೊತ್ತಿಲ್ಲ. ಪೋಸ್ಟಿಂಗಿಗೆ ಸಾವಿರ ಕಾರಣ ಇರ್ತದೆ. ಯಾರೂ ಹೇಳುದಿಲ್ಲ." ಎಂದರು. "ಈಗ ಹೇಳು. ಅವತ್ತು ಗೊತ್ತಿರಲಿಲ್ಲ ಅಂತ ಹೇಳ್ಬಹುದಿತ್ತು ಅಂತ ಕಾಣ್ತದಾ ನಿಂಗೆ?"

ಇಷ್ಟು ದಿನ ಅವರು ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಹೌದು ಎಂದರೆ ಅವರಿಗೆ ಸಮಾಧಾನ ಆಗುತ್ತಿತ್ತೋ ಏನೋ. ಸಮಾಧಾನಕ್ಕೆಂದು ಸುಳ್ಳು ಹೇಳುವುದಿದ್ದರೆ ಆ ದಿವಾನಿನ ಮೇಲೆ ಕೂತಾಗಲೇ ಹೇಳುತ್ತಿದ್ದೆನಲ್ಲ.

"ಇಲ್ಲ" ಎಂದೆ.

ಫೋನು ಕಟ್ಟಾಯಿತು. ಅವರು ಕಟ್ ಮಾಡಿದರೋ, ಸಿಗ್ನಲ್ ಹೋಯಿತೋ ತಿಳಿಯಲಿಲ್ಲ. ಅಮ್ಮನನ್ನು ಗಲ್ಲಾಕ್ಕೆ ಕೂರಿಸಿ ಉಗ್ರಾಣಕ್ಕೆ ಹೋದೆ. ಅಕ್ಕಿಮೂಟೆಯ ಮೇಲೆ ಕೂತು ಚೆನ್ನಾಗಿ ಅತ್ತೆ. ಮನೆ, ಮಗು, ಅವರು ಸರಿ ಮಾಡುತ್ತೇನೆಂದ ಯಂತ್ರ, ಎಲ್ಲಕ್ಕೂ ಸೇರಿಸಿ ಅತ್ತೆ. ಮಾನವೇನು ಅನ್ನ ಹಾಕುತ್ತದೆಯೇ, ರಾತ್ರಿ ಪಕ್ಕದಲ್ಲಿ ಮಲಗುತ್ತದೆಯೇ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಮುಖ ತೊಳೆದುಕೊಂಡು ಬಂದು ಚಟ್ನಿಯ ಉಪ್ಪು ನೋಡಿದೆ, ಯಾಕೆಂದರೆ ಆ ಹೊತ್ತಿಗೆ ನೋಡಲೇಬೇಕು.

ಸಂಜೆ ಗಿರಾಕಿಗಳು ಕಡಿಮೆಯಾದಾಗ ಇವರು ಮತ್ತೆ ಫೋನು ಮಾಡಿದರು.

"ಮಧ್ಯಾಹ್ನ ಒಂದು ವಿಷಯ ಹೇಳ್ಲಿಲ್ಲ" ಎಂದರು. "ನೀನು ದೆಹಲಿಗೆ ಹೋದ ಮೇಲೆ ನಮ್ಮ ಆಫೀಸರು ಪುನಃ ಕರೆದಿದ್ರು. ಹೆಂಡತಿ ಹೇಳದಿದ್ರೆ ಬೇಡ, ಅವಳ ಪರವಾಗಿ ನೀನೇ ಬಂದು ಕ್ಯಾಪ್ಟನ್ನರ ಹತ್ರ ಸಾರಿ ಸರ್ ಅಂತ ಒಂದು ಮಾತು ಹೇಳು, ಅಲ್ಲಿಗೆ ಮುಗೀತದೆ ಅಂದ್ರು."

ನನ್ನ ಕೈಯಲ್ಲಿ ಚಿಲ್ಲರೆ ಇತ್ತು, ಗಿರಾಕಿಯೊಬ್ಬ ಕೈ ಚಾಚಿ ನಿಂತಿದ್ದ. "ನೀವು ಏನಂದ್ರಿ?"

"ಆಗುದಿಲ್ಲ ಸರ್ ಅಂದೆ."

"ಯಾಕೆ?" ಚಿಲ್ಲರೆಯನ್ನು ಗಿರಾಕಿಯ ಕೈಗೆ ಸುರಿದೆ. "ನೀವೇ ತಾನೆ ನನಗೆ ಹೇಳು ಹೇಳು ಅಂತ ಕೂಗಾಡಿದ್ದು? ಒಂದು ಮಾತು ಹೇಳಿದ್ರೆ ಇಲ್ಲಿರ್ತಿದ್ರಿ."

"ಹೌದು, ಇರ್ತಿದ್ದೆ" ಎಂದರು. "ಆದ್ರೆ ನೀನು ಹೇಳದ ಮಾತನ್ನ ನಿನ್ನ ಹೆಸರಲ್ಲಿ ನಾನು ಹೇಗೆ ಹೇಳುದು ಮಾರಾಯ್ತಿ?"